ಆರು ನಿಮಿಷದ ಲೆಕ್ಕದಿಂದ ತೊಂಬತ್ತು ದಿನದ ಲೆಕ್ಕಕ್ಕೆ

ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಒಂದು ಗಂಟೆಯನ್ನು ಹತ್ತು ತುಂಡು ಮಾಡುತ್ತಾರೆ. ಒಂದು ತುಂಡಿಗೆ ಆರು ನಿಮಿಷ. ಕಕ್ಷಿದಾರನ ಇಮೇಲ್ ಓದಿದರೆ ಒಂದು ತುಂಡು, ಅದಕ್ಕೆ ಉತ್ತರ ಬರೆದರೆ ಎರಡು, ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿದರೆ ಐದು. ರಾತ್ರಿ ಮನೆಗೆ ಹೊರಡುವ ಮುನ್ನ ಇಡೀ ದಿನವನ್ನು ಹೀಗೆ ಟೈಮ್‌ಶೀಟಿಗೆ ತುಂಬಬೇಕು. ಆರು ವರ್ಷ ನಾನು ಹಾಗೆ ಬದುಕಿದೆ. ಆಮೇಲೆ ದಾವಣಗೆರೆಗೆ ಬಂದು ಸರ್ಕಾರದ ಪರ ಹಾಜರಾಗತೊಡಗಿದೆ. ಮೊದಲ ವಾರವೇ ಮೇಜಿಗೆ ಒಂದು ಕಡತ ಬಂತು. ಹಳೆಯ ಭೂಸ್ವಾಧೀನ ಕಾಯ್ದೆಯ ಪ್ರಕರಣ. ಸಿವಿಲ್ ನ್ಯಾಯಾಲಯ ರೈತರ ಪರಿಹಾರವನ್ನು ಹೆಚ್ಚಿಸಿತ್ತು. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವ 90 ದಿನಗಳಲ್ಲಿ 81 ದಿನ ಮುಗಿದಿದ್ದವು. ಇಷ್ಟು ದಿನ ಇದು ಎಲ್ಲಿತ್ತು ಎಂದು ಕೇಳಿದೆ. ಕಡತ ತಂದಿದ್ದ ವಿಷಯ ನಿರ್ವಾಹಕರು ಸ್ವಲ್ಪವೂ ಅಳುಕದೆ, "ಚಲನೆಯಲ್ಲಿತ್ತು ಸರ್" ಎಂದರು.

ಫರ್ಮ್ ಬಿಟ್ಟು ಸರ್ಕಾರದ ಕೆಲಸಕ್ಕೆ ಬರುವ ಆಲೋಚನೆಯಲ್ಲಿರುವ ಕಿರಿಯ ವಕೀಲರು ಆಗಾಗ ನನಗೆ ಫೋನ್ ಮಾಡುತ್ತಾರೆ. ಹೆಚ್ಚಿನವರು ಈ ಕಡೆಯವರೇ: ಹರಿಹರ, ಜಗಳೂರು, ಹೊಳಲ್ಕೆರೆ, ಚಳ್ಳಕೆರೆ. ಮನೆಯಲ್ಲಿ ತಂದೆ ತಾಯಿಗೆ ವಯಸ್ಸಾಗಿದೆ, ಬೆಂಗಳೂರಿನ ಬಾಡಿಗೆ ಸಾಕಾಗಿದೆ, ಕೋಟು ಹಾಕಿ ನಿಜವಾಗಿ ವಾದ ಮಾಡುವ ಆಸೆಯಿದೆ. ಅವರು ಕೇಳುವುದು ನೇಮಕಾತಿಯ ಬಗ್ಗೆ, ಸಂಬಳದ ಬಗ್ಗೆ. ಅದನ್ನೂ ಹೇಳುತ್ತೇನೆ. ಆದರೆ ಬಂದವರು ಎಡವುವುದು ಅಲ್ಲಿ ಅಲ್ಲ. ಫರ್ಮ್‌ನಲ್ಲಿ ನಾವು ನಮ್ಮ ಹೊತ್ತನ್ನು ಮಾರುತ್ತೇವೆ. ಇಲ್ಲಿ ಹೊತ್ತೇ ಎದುರು ಪಕ್ಷ. ಕಾನೂನು ಎಷ್ಟು ಗೊತ್ತು ಎನ್ನುವುದಕ್ಕಿಂತ, ಕಾಗದ ಯಾವ ಮೇಜಿನಲ್ಲಿ ಕುಳಿತಿದೆ ಎಂದು ಗೊತ್ತಿರುವುದು ಮುಖ್ಯವಾಗುತ್ತದೆ.

ಯಾವ ಸರ್ಕಾರಿ ಕೆಲಸ?

"ಸರ್ಕಾರಿ ವಕೀಲ" ಎಂದರೆ ಊರಿನಲ್ಲಿ ಒಂದೇ ಚಿತ್ರ ಮೂಡುತ್ತದೆ. ವಾಸ್ತವದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ನೌಕರಿಗಳು ಆ ಹೆಸರಿನಡಿ ಇವೆ.

ಕಾಯಂ ಕೆಲಸ ಬೇಕೆನ್ನುವವರಿಗೆ ಇರುವುದು ಸಹಾಯಕ ಸರ್ಕಾರಿ ಅಭಿಯೋಜಕರ (ಪ್ರಾಸಿಕ್ಯೂಟರ್) ಹುದ್ದೆ. ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯ ಅಡಿಯಲ್ಲಿ ಪರೀಕ್ಷೆ ಬರೆದು ಬರಬೇಕು. ಕೆಲಸ ಮುಖ್ಯವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ. ವೇತನ ಶ್ರೇಣಿ ಇದೆ, ಬಡ್ತಿ ಇದೆ, ವರ್ಗಾವಣೆಯೂ ಇದೆ. ದಾವಣಗೆರೆಯಲ್ಲಿ ಇರಬೇಕೆಂದು ಫರ್ಮ್ ಬಿಟ್ಟವರು ಬೀದರಿನಲ್ಲಿ ಕೆಲಸ ಆರಂಭಿಸಬೇಕಾಗಬಹುದು. ಅಧಿಸೂಚನೆ ಯಾವಾಗ ಹೊರಡುತ್ತದೆ ಎಂದು ಕಾಯುವುದೂ ಒಂದು ತಪಸ್ಸು.

ಇದಕ್ಕೆ ಪೂರ್ತಿ ಬೇರೆಯಾದದ್ದು ಜಿಲ್ಲಾ ಸರ್ಕಾರಿ ವಕೀಲರು ಮತ್ತು ಸೆಷನ್ಸ್ ನ್ಯಾಯಾಲಯದ ಸರ್ಕಾರಿ ಅಭಿಯೋಜಕರ ನೇಮಕ. ಇದು ಹುದ್ದೆಗಿಂತ ಹೆಚ್ಚಾಗಿ ಒಂದು ಅವಧಿಯ ವಹಿವಾಟು. ಕರ್ನಾಟಕದಲ್ಲಿ ಕಾನೂನು ಅಧಿಕಾರಿಗಳ ನೇಮಕ ಮತ್ತು ಸೇವಾ ಷರತ್ತುಗಳಿಗೆ 1977ರ ನಿಯಮಗಳಿವೆ. ಕ್ರಿಮಿನಲ್ ಕಡೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಂ ಅನ್ವಯಿಸುತ್ತದೆ. ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಂದಿಗೆ ಸಮಾಲೋಚಿಸಿ ಹೆಸರುಗಳ ಪಟ್ಟಿ ತಯಾರಿಸಬೇಕು, ಅದರಲ್ಲಿರುವವರು ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು. ಬರಹದಲ್ಲಿ ಹೀಗಿದೆ. ನಡೆಯುವಾಗ, ವಿಧಾನಸೌಧದಲ್ಲಿ ಪಕ್ಷ ಬದಲಾದ ಕೂಡಲೇ ಜಿಲ್ಲಾ ನ್ಯಾಯಾಲಯದ ಕಾರಿಡಾರಿನಲ್ಲಿ ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎಂಬ ಮಾತು ಶುರುವಾಗುತ್ತದೆ. 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ಒಂದೇ ಸುತ್ತೋಲೆಯಲ್ಲಿ ಮನೆಗೆ ಕಳುಹಿಸಿತ್ತು. ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಸರ್ಕಾರಿ ವಕೀಲರ ನೇಮಕವೂ ಸರ್ಕಾರದ ಇಷ್ಟಾನಿಷ್ಟದ ವಿಷಯವಲ್ಲ ಎಂದಿತು. 2016ರಲ್ಲಿ ಪಂಜಾಬ್ ಮತ್ತು ಹರಿಯಾಣದ ಪ್ರಕರಣದಲ್ಲಿ ಆಯ್ಕೆಯ ವಿಧಾನ ಪಾರದರ್ಶಕವಾಗಿರಬೇಕು, ಅರ್ಹತೆ ನೋಡಿ ನಡೆಯಬೇಕು ಎಂದು ಮತ್ತೆ ಹೇಳಿತು. ಹೀಗೆ ಎರಡೆರಡು ಬಾರಿ ಹೇಳಬೇಕಾಗಿ ಬಂದದ್ದರಿಂದಲೇ ಪರಿಸ್ಥಿತಿ ಅರ್ಥವಾಗುತ್ತದೆ. ಈ ದಾರಿಯಲ್ಲಿ ಬರುವವರು ತಿಂಗಳ ಕಂತುಗಳನ್ನು ತೀರಿಸಿಕೊಂಡೇ ಬರುವುದು ಒಳ್ಳೆಯದು.

ಮಹಾನಗರ ಪಾಲಿಕೆ, ಬೆಸ್ಕಾಂ, ನಿಗಮ ಮಂಡಳಿಗಳ ಪ್ಯಾನೆಲ್ ವಕೀಲರದು ಇನ್ನೊಂದು ಬಗೆ. ಇಲಾಖೆಗಳಲ್ಲಿ ಗುತ್ತಿಗೆಯ ಮೇಲಿರುವ ಕಾನೂನು ಅಧಿಕಾರಿಗಳದು ಮತ್ತೊಂದು. ಬೆಂಗಳೂರಿನಲ್ಲೇ ಉಳಿಯುವವರಿಗೆ ಅಡ್ವೊಕೇಟ್ ಜನರಲ್ ಕಚೇರಿ, ಕಾನೂನು ಇಲಾಖೆಯ ಕರಡು ರಚನಾ ವಿಭಾಗಗಳಿವೆ. ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ದಾರಿಯ ಬಗ್ಗೆ ಹೇಳಲೇಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲಿ ತಂದ ಕಾನೂನು ನೆರವು ಪ್ರತಿರಕ್ಷಣಾ ವಕೀಲರ ವ್ಯವಸ್ಥೆಯಲ್ಲಿ ಜಿಲ್ಲಾ ಮಟ್ಟದಲ್ಲಿ ಮುಖ್ಯ, ಉಪ ಮತ್ತು ಸಹಾಯಕ ಎಂದು ಮೂರು ಹಂತದ ವಕೀಲರಿರುತ್ತಾರೆ. ಮುಖ್ಯ ವಕೀಲರಿಗೆ ಕ್ರಿಮಿನಲ್ ಕೆಲಸದಲ್ಲಿ 10 ವರ್ಷ, ಉಪ ವಕೀಲರಿಗೆ 7 ವರ್ಷದ ಅನುಭವ ಬೇಕು. ಸಹಾಯಕರಾಗಿ ಆರಂಭದಲ್ಲೇ ಬರಬಹುದು. ಪೂರ್ಣಾವಧಿ ಕೆಲಸ, ಖಾಸಗಿ ವಕೀಲಿಕೆ ಇಲ್ಲ. ಹಣ ಕೊಡುವುದು ಸಾರ್ವಜನಿಕ ಬೊಕ್ಕಸ, ನಿಲ್ಲುವುದು ಮಾತ್ರ ಸರ್ಕಾರದ ಎದುರು, ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಯ ಪಕ್ಕದಲ್ಲಿ. ಸಾರ್ವಜನಿಕ ಸೇವೆಗೆಂದೇ ಫರ್ಮ್ ಬಿಡುವವರು ಮೊದಲು ಇದನ್ನು ನೋಡಬೇಕೆಂದು ನನ್ನ ಅಭಿಪ್ರಾಯ.

ಆ ಏಳು ವರ್ಷ

ಏಳು ವರ್ಷ ಎಂದರೆ ಸನ್ನದು ಪಡೆದ ದಿನದಿಂದ ಏಳು ದೀಪಾವಳಿ ಎಂದಲ್ಲ, ವಕೀಲರಾಗಿ ವೃತ್ತಿ ಮಾಡಿದ ಏಳು ವರ್ಷ. ಫರ್ಮ್‌ನವರಿಗೆ ಇಲ್ಲಿ ಒಂದು ಗುಂಡಿ ಇದೆ. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರನಾದವನು ವಕೀಲಿಕೆ ಮಾಡುವಂತಿಲ್ಲ, ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಫರ್ಮ್‌ಗಳು ಸಾಮಾನ್ಯವಾಗಿ ಅಸೋಸಿಯೇಟ್‌ಗಳಿಗೆ ಸಂಬಳ ಎನ್ನದೆ ವೃತ್ತಿ ಶುಲ್ಕ ಎಂದು ಕೊಡುವುದರ ಹಿಂದೆ ಈ ನಿಯಮವೂ ಇದೆ. ಆದ್ದರಿಂದ ಫರ್ಮ್‌ನ ವರ್ಷಗಳನ್ನು ವೃತ್ತಿಯೆಂದು ತೋರಿಸಲು ದಾರಿಯಿದೆ. ಮಧ್ಯೆ ಎರಡು ವರ್ಷ ಯಾವುದಾದರೂ ಕಂಪನಿಯ ಒಳ ವಕೀಲರಾಗಿ ಸಂಬಳಕ್ಕೆ ಹೋಗಿ ಬಂದಿದ್ದರೆ ಆ ಎರಡು ವರ್ಷ ಕೈಬಿಟ್ಟು ಹೋದಂತೆಯೇ.

ದಾರಿಯಿದ್ದರೂ ಪುರಾವೆ ಬೇಕು. ನನ್ನ ಆರು ವರ್ಷದಲ್ಲಿ ನನ್ನ ಹೆಸರಿದ್ದ ವಕಾಲತ್ತುಗಳನ್ನು ಎಣಿಸಿದರೆ ಇಪ್ಪತ್ತು ದಾಟಲಿಲ್ಲ. ಕೆಲಸ ಮಾಡಿದ್ದು ನಾನು, ಸಹಿ ಪಾಲುದಾರರದು. ಒಪ್ಪಂದ ಓದುತ್ತಾ ಕಳೆದ ಹಗಲು ರಾತ್ರಿಗಳಿಗೆ ಯಾವ ನ್ಯಾಯಾಲಯದ ಮೊಹರೂ ಇರಲಿಲ್ಲ. ಈಗ ಫರ್ಮ್‌ನಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ಹೊರಡುವ ಯೋಚನೆ ಇರಲಿ ಇಲ್ಲದಿರಲಿ, ನ್ಯಾಯಾಲಯದ ಪ್ರಕರಣವಾದರೆ ವಕಾಲತ್ತಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಿ ಎಂದು ಕೇಳಿ. ಆದೇಶದಲ್ಲಿ ಹೆಸರು ಬಂದರೆ ಅದರ ಪ್ರತಿ ತೆಗೆದಿಡಿ.

ಕಡತದ ದಾರಿ

ಫರ್ಮ್‌ಗೆ ಒಂದು ನೋಟಿಸು ಬಂದರೆ ವಾರದೊಳಗೆ ಉತ್ತರ ಹೋಗುತ್ತದೆ. ಸರ್ಕಾರದ ಮೇಲೆ ದಾವೆ ಹೂಡುವವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಎರಡು ತಿಂಗಳ ಮುಂಗಡ ನೋಟಿಸು ಕೊಡಬೇಕು. ಸರ್ಕಾರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲಿ, ಜನರ ತೆರಿಗೆ ಹಣ ವ್ಯಾಜ್ಯಕ್ಕೆ ಸುರಿಯದಿರಲಿ ಎಂಬುದು ಇದರ ಉದ್ದೇಶ. ಆದರೆ ನೋಟಿಸು ಟಪಾಲು ವಹಿಯಲ್ಲಿ ಎರಡು ತಿಂಗಳು ಮಲಗಿ, ಮೂರನೆಯ ತಿಂಗಳು ದಾವೆಯಾಗಿ ಏಳುತ್ತದೆ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನೋಟಿಸುಗಳಿಗೆ ಉತ್ತರಿಸಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿ ಎಂದು ಸರ್ಕಾರಗಳಿಗೆ ಹೇಳಿತ್ತು. ಹೇಳಿ ಎರಡು ದಶಕ ಕಳೆದವು.

ದಾವೆ ಬಂದ ಮೇಲೆ ಕಂಡಿಕೆವಾರು ಉತ್ತರಕ್ಕೆ ಕಾಯಬೇಕು. ದಾವಾ ಪತ್ರದ ಒಂದೊಂದು ಕಂಡಿಕೆಗೂ ಇಲಾಖೆ ತನ್ನ ಉತ್ತರ ಬರೆದು ಕಳುಹಿಸಿದರೆ, ಅದನ್ನು ನಾನು ಪ್ರತಿವಾದ ಪತ್ರವಾಗಿ ತಿರುಗಿಸಬೇಕು. ಪ್ರತಿವಾದ ಪತ್ರಕ್ಕೆ ಸಾಮಾನ್ಯ ಗಡುವು 30 ದಿನ, ವಿಸ್ತರಣೆ ಸೇರಿ 90. ನನಗೆ ಬಂದ ಮೊದಲ ಕಂಡಿಕೆವಾರು ಉತ್ತರದಲ್ಲಿ 14 ಕಂಡಿಕೆಗಳಿದ್ದವು. ಹನ್ನೊಂದಕ್ಕೆ "ದಾಖಲೆಯ ವಿಷಯ" ಎಂಬ ಒಂದೇ ಷರಾ. ಯಾವ ದಾಖಲೆ? ಅದು ಲಗತ್ತಾಗಿರಲಿಲ್ಲ. ಫರ್ಮ್‌ನ ಅಭ್ಯಾಸದಂತೆ ಉದ್ದವಾದ ಪ್ರಶ್ನಾವಳಿಯನ್ನು ಇಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಹತ್ತನೆಯ ದಿನ ಬಸ್ ಹತ್ತಿ ಆ ತಾಲ್ಲೂಕು ಕಚೇರಿಗೇ ಹೋದೆ. ದಾಖಲೆ ಕೊಠಡಿಯಲ್ಲಿ ಶಿರಸ್ತೇದಾರರು ಬಟ್ಟೆಯ ಗಂಟು ಬಿಚ್ಚಿ, ಹುಳ ತಿಂದ ಅಂಚಿನ ಹಾಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ನಮ್ಮ ಪ್ರಕರಣವನ್ನು ಗೆಲ್ಲಿಸಬಲ್ಲ ಮಂಜೂರಾತಿ ವಹಿಯ ಪುಟ ಅದು. "ಇದು ಇದೆ ಎಂದು ಏಕೆ ಬರೆಯಲಿಲ್ಲ?" ಎಂದೆ. "ಇದೆಯೇ ಎಂದು ನೀವು ಬಂದು ಕೇಳಲಿಲ್ಲವಲ್ಲ" ಎಂದರು. ಅಂದಿನಿಂದ ಪ್ರಶ್ನಾವಳಿ ಬಿಟ್ಟೆ. ವಾರದಲ್ಲಿ ಒಂದು ಮಧ್ಯಾಹ್ನ ಬಸ್ಸಿಗೆ ಮೀಸಲು.

ದಾವಣಗೆರೆಯಲ್ಲಿ ಇನ್ನೊಂದು ತೊಡಕಿದೆ. ಈ ಜಿಲ್ಲೆ ಹುಟ್ಟಿದ್ದೇ 1997ರ ಆಗಸ್ಟ್ 15ರಂದು. ದಾವಣಗೆರೆ, ಹರಿಹರ, ಜಗಳೂರು ಅದಕ್ಕೆ ಮುಂಚೆ ಚಿತ್ರದುರ್ಗದಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, 2018ರಲ್ಲಿ ಬಳ್ಳಾರಿಗೇ ಮರಳಿ, ಈಗ ವಿಜಯನಗರದಲ್ಲಿದೆ. ಜಮೀನಿನ ವ್ಯಾಜ್ಯದಲ್ಲಿ ಬೇಕಾಗುವುದು ಇಂದಿನ ಪಹಣಿ ಮಾತ್ರವಲ್ಲ, ಐವತ್ತು ವರ್ಷ ಹಿಂದಿನ ಆದೇಶ. ಅದು ಯಾವ ಜಿಲ್ಲೆಯ ಕಪಾಟಿನಲ್ಲಿದೆ ಎಂದು ಹುಡುಕುವುದರಲ್ಲೇ ಒಂದು ವಾಯಿದೆ ಹೋಗುತ್ತದೆ.

ದಿನಕ್ಕೆ 411 ರೂಪಾಯಿ

ತಡವಾದರೆ ಏನಾಗುತ್ತದೆ ಎಂಬುದನ್ನು ಭೂಸ್ವಾಧೀನದಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಲಾಗದು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಅದಕ್ಕೆ ಕೊರತೆಯಿಲ್ಲ: ರಾಷ್ಟ್ರೀಯ ಹೆದ್ದಾರಿ, ಭದ್ರಾ ಮೇಲ್ದಂಡೆ ಕಾಲುವೆ, ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರುವ ರೈಲು ಮಾರ್ಗ. ಬೇರೆ ಬೇರೆ ಯೋಜನೆಗೆ ಬೇರೆ ಬೇರೆ ಕಾಯ್ದೆ ಅನ್ವಯಿಸಬಹುದು. ಮುಖ್ಯವಾದ ಎರಡರಲ್ಲಿ, ಅಂದರೆ 1894ರ ಹಳೆಯ ಕಾಯ್ದೆಯಲ್ಲೂ 2013ರ ಹೊಸ ಕಾಯ್ದೆಯಲ್ಲೂ, ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ ಇದೆ.

ನ್ಯಾಯಾಲಯ ಒಬ್ಬ ರೈತನಿಗೆ 10 ಲಕ್ಷ ರೂಪಾಯಿ ಹೆಚ್ಚಿಗೆ ಕೊಡಿ ಎಂದಿತು ಎಂದುಕೊಳ್ಳಿ. ಮೊದಲ ವರ್ಷ ದಾಟಿದ ಮೇಲೆ ವರ್ಷಕ್ಕೆ ಒಂದೂವರೆ ಲಕ್ಷ ಬಡ್ಡಿ. ದಿನಕ್ಕೆ ಸುಮಾರು 411 ರೂಪಾಯಿ. ಕಡತ ಒಬ್ಬರ ಮೇಜಿನ ಮೇಲೆ ಹತ್ತು ದಿನ ಕುಳಿತರೆ 4,110. ಅದೇ ಪಟ್ಟಿಯಲ್ಲಿ ಅಂಥ 40 ರೈತರಿದ್ದರೆ ಒಂದು ದಿನಕ್ಕೆ 16,440. ಒಂದು ಅಭಿಪ್ರಾಯ ಕೇಳುವ ಪತ್ರಕ್ಕೆ ಸಹಿ ಹಾಕಬೇಕಾದವರು ನಾಲ್ಕು ದಿನ ರಜೆಯ ಮೇಲೆ ಹೋದರೆ ಅದರ ಖರ್ಚು ಎಷ್ಟೆಂದು ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ. ಬಡ್ಡಿಯ ಶೀರ್ಷಿಕೆಯಲ್ಲಿ ಕರಗಿ ಹೋಗುತ್ತದೆ. ನಾನು ಕಡತದ ಮೇಲ್ಹೊದಿಕೆಯ ಮೇಲೆ ಪೆನ್ಸಿಲಿನಲ್ಲಿ ದಿನದ ಬಡ್ಡಿ ಬರೆದು ಕಳುಹಿಸತೊಡಗಿದೆ. ಒಬ್ಬ ಅಧಿಕಾರಿ ಸಿಟ್ಟಾದರು, ಇನ್ನೊಬ್ಬರು ಅದೇ ಸಂಜೆ ಸಹಿ ಮಾಡಿದರು.

ಹಣ ಕಟ್ಟದಿದ್ದರೆ ಅಮಲ್ಜಾರಿ, ಅಂದರೆ ನ್ಯಾಯಾಲಯದ ಮೂಲಕವೇ ಡಿಕ್ರಿಯ ವಸೂಲಿ. ಸರ್ಕಾರದ ಮೇಲಿನ ಡಿಕ್ರಿಯಾದರೆ ಮೂರು ತಿಂಗಳು ಕಳೆಯುವ ತನಕ ಅಮಲ್ಜಾರಿಗೆ ಆದೇಶ ಹೊರಡಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಂ ರಕ್ಷಣೆ ಕೊಟ್ಟಿದೆ. ಆ ಮೂರು ತಿಂಗಳು ಕಳೆದು, ಎಷ್ಟೋ ವೇಳೆ ಮೂರು ವರ್ಷವೂ ಕಳೆದು, ಒಂದು ಬೆಳಿಗ್ಗೆ ನ್ಯಾಯಾಲಯದ ಅಮೀನರು ಜಪ್ತಿ ವಾರಂಟ್ ಹಿಡಿದು ಕಚೇರಿಯ ಮುಂದೆ ನಿಲ್ಲುತ್ತಾರೆ. ಅಂಥ ಒಂದು ಬೆಳಿಗ್ಗೆ ನಾನೂ ಇದ್ದೆ. ಅಮೀನರು ಪಟ್ಟಿ ಮಾಡುತ್ತಿದ್ದರು: ತಿರುಗುವ ಕುರ್ಚಿ 4, ಪ್ರಿಂಟರ್ 1, ಕಬ್ಬಿಣದ ಬೀರು 2. ಬೀರು ಖಾಲಿ ಮಾಡಲು ಸಿಬ್ಬಂದಿ ಒಳಗಿದ್ದ ಕಡತಗಳನ್ನು ನೆಲಕ್ಕೆ ಇಳಿಸುತ್ತಿದ್ದರು. ಡಿಕ್ರಿ ಪಡೆದಿದ್ದ ಮುದುಕ ಬೇವಿನ ಮರದಡಿ ನಿಂತು ನೋಡುತ್ತಿದ್ದವರು ನನ್ನ ಕೋಟು ಕಂಡು ಹತ್ತಿರ ಬಂದು, "ಸ್ವಾಮಿ, ಈ ಕುರ್ಚಿ ತೆಗೆದುಕೊಂಡು ನಾನು ಏನು ಮಾಡಲಿ?" ಎಂದು ಕೇಳಿದರು. ನಾನು ಅವರ ಎದುರು ಪಕ್ಷದ ವಕೀಲ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ಆ ಹೊತ್ತಿಗೆ ನನಗೂ ಬರಲಿಲ್ಲ.

ಹಾಗಾದರೆ ತಡವಾದ ಮೇಲ್ಮನವಿಯ ಕತೆ ಏನು? ಮೊದಲು ಒಂದು ಸಣ್ಣ ವಿಷಯ: ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಕಾಲಮಿತಿಯಿಂದ ಕಳೆಯಲಾಗುತ್ತದೆ. ಆದರೆ ಆ ದಿನಗಳು ಶುರುವಾಗುವುದು ಪ್ರತಿಗೆ ಅರ್ಜಿ ಹಾಕಿದ ಮೇಲೆ. ತೀರ್ಪು ಹೊರಬಿದ್ದ ದಿನವೇ ಅರ್ಜಿ ಹಾಕುವ ಅಭ್ಯಾಸವೊಂದು ಇದ್ದರೆ ಅರ್ಧ ಸಂಕಟ ಕಡಿಮೆ. ಗಡುವು ಮೀರಿದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಿಸಿ ಎಂದು ಬೇಡಬೇಕು. ಸರ್ಕಾರದ ಮಟ್ಟಿಗೆ ಈ ವಿಷಯದಲ್ಲಿ ನ್ಯಾಯಾಲಯಗಳ ಮನಸ್ಸು ಬದಲಾಗುತ್ತ ಬಂದಿದೆ. 1987ರ ಕಾಟಿಜಿ ಪ್ರಕರಣದಲ್ಲಿ ಭೂಸ್ವಾಧೀನದ ಮೇಲ್ಮನವಿ 4 ದಿನ ತಡವಾಗಿತ್ತು. ಸುಪ್ರೀಂ ಕೋರ್ಟ್ ಉದಾರವಾಗಿ ನೋಡಿ ಎಂದಿತು. ಆ ಒಂದು ತೀರ್ಪನ್ನು ಹಿಡಿದು ಸರ್ಕಾರಗಳು ಕಾಲು ಶತಮಾನ ತಳ್ಳಿದವು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ, ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಎಂಬುದು ಈ ಕಾಲಕ್ಕೆ ಕಾರಣವೇ ಅಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. 2020ರಲ್ಲಿ ಮಧ್ಯ ಪ್ರದೇಶ ಸರ್ಕಾರ 663 ದಿನ ತಡವಾಗಿ ಬಂದಾಗ 25,000 ರೂಪಾಯಿ ದಂಡ ಹಾಕಿ ಕಳುಹಿಸಿತು.

ಆ 2020ರ ತೀರ್ಪಿನಲ್ಲಿ ನ್ಯಾಯಾಲಯ ಇಂಥವನ್ನು "ಸರ್ಟಿಫಿಕೇಟ್ ಕೇಸ್" ಎಂದು ಕರೆದಿದೆ. ಫರ್ಮ್‌ನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮೇಲ್ಮನವಿ ವಜಾ ಆಗುತ್ತದೆ ಎಂದು ಗೊತ್ತಿದ್ದೇ ಅದನ್ನು ಸಲ್ಲಿಸುತ್ತಾರೆ. ಗೆಲ್ಲಲಿಕ್ಕಲ್ಲ, ವಜಾ ಆದೇಶವೆಂಬ ಪ್ರಮಾಣಪತ್ರ ಪಡೆದು ಕಡತದಲ್ಲಿ ಹಾಕಲಿಕ್ಕೆ. ನಾಳೆ ಆಡಿಟ್ ಕೇಳಿದರೆ "ನಾವು ಬಿಡಲಿಲ್ಲ, ಸುಪ್ರೀಂ ಕೋರ್ಟೇ ಬಿಟ್ಟಿತು" ಎನ್ನಬಹುದಲ್ಲ. ಖಾಸಗಿ ಕಕ್ಷಿದಾರನಿಗೆ "ಇದನ್ನು ಇಲ್ಲಿಗೇ ಬಿಡಿ, ಹಣ ಉಳಿಯುತ್ತದೆ" ಎಂದರೆ ಧನ್ಯವಾದ ಹೇಳುತ್ತಾನೆ, ಏಕೆಂದರೆ ಹಣ ಅವನದು. ಇಲ್ಲಿ ಹಣ ಯಾರದೂ ಅಲ್ಲ. ಸಹಿ ಮಾತ್ರ ಒಬ್ಬರದು. ಹೋರಾಡಿ ಸೋತವರನ್ನು ಯಾರೂ ಕೇಳುವುದಿಲ್ಲ, ಹೋರಾಡಬೇಡಿ ಎಂದು ಬರೆದವರು ವಿವರಣೆ ಕೊಡಬೇಕು. ಅಧಿಕಾರಿಗಳನ್ನು ಸೋಮಾರಿಗಳು ಎಂದು ಬೈಯುವುದು ಸುಲಭ. ಅವರ ಕುರ್ಚಿಯಲ್ಲಿ ಕುಳಿತರೆ ನಾನೂ ಕಡತವನ್ನು ಮುಂದಿನ ಮೇಜಿಗೆ ತಳ್ಳುತ್ತಿದ್ದೆನೇನೋ.

ಕಕ್ಷಿದಾರ ಯಾರು?

ಅದೇ ಸಿವಿಲ್ ಸಂಹಿತೆಯ 79ನೇ ಕಲಂ ಪ್ರಕಾರ ದಾವೆಯಲ್ಲಿ ಪ್ರತಿವಾದಿಯ ಹೆಸರು "ಕರ್ನಾಟಕ ರಾಜ್ಯ". ಆದರೆ ಕರ್ನಾಟಕ ರಾಜ್ಯ ಎಂದೂ ನನ್ನ ಕೊಠಡಿಗೆ ಬಂದು ಕುಳಿತಿಲ್ಲ. ಬರುವವರು ತಹಶೀಲ್ದಾರರು, ವಲಯ ಅರಣ್ಯಾಧಿಕಾರಿ, ಕಾರ್ಯಪಾಲಕ ಎಂಜಿನಿಯರು. ಪ್ರಕರಣ ಮುಗಿಯುವುದರೊಳಗೆ ಅವರಿಗೂ ವರ್ಗವಾಗಿರುತ್ತದೆ. ಒಂದೇ ಸರ್ವೆ ನಂಬರನ್ನು ಕಂದಾಯ ಇಲಾಖೆ ಗೋಮಾಳ ಎನ್ನುತ್ತದೆ, ಅರಣ್ಯ ಇಲಾಖೆ ಕಾಡು ಎನ್ನುತ್ತದೆ. ಎರಡೂ ನನ್ನ ಕಕ್ಷಿದಾರರೇ. ಪ್ರತಿವಾದ ಪತ್ರ ಒಂದೇ. ಫರ್ಮ್‌ನಲ್ಲಾಗಿದ್ದರೆ ಹಿತಾಸಕ್ತಿ ಸಂಘರ್ಷ ಎಂದು ಕೈಮುಗಿದು ಒಬ್ಬರನ್ನು ಹೊರಗೆ ಕಳುಹಿಸುತ್ತಿದ್ದರು. ಇಲ್ಲಿ ಇಬ್ಬರನ್ನೂ ಜಿಲ್ಲಾಧಿಕಾರಿಗಳ ಕೊಠಡಿಯಲ್ಲಿ ಒಂದೇ ಮೇಜಿಗೆ ಕೂರಿಸಿ, ನಕ್ಷೆ ಹಾಸಿ, ಇಬ್ಬರೂ ಒಪ್ಪುವ ಒಂದು ವಾಕ್ಯ ಹೊರಡಿಸಬೇಕು. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ, ದನ ಕುರಿ ಮೇಯಿಸುವವರ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಒಂದು ಬಯಲು ಯಾರಿಗೆ ಏನು ಎಂಬ ಪ್ರಶ್ನೆಗೆ ಸರ್ಕಾರದ ಒಳಗೇ ಎಷ್ಟು ಉತ್ತರಗಳಿರಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಉದಾಹರಣೆ ಬೇಡ.

ಕಾನೂನು ಕೂಡ ಈ ಕಕ್ಷಿದಾರನನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಖಾಸಗಿ ಜಮೀನನ್ನು 12 ವರ್ಷ ಪ್ರತಿಕೂಲ ಸ್ವಾಧೀನದಲ್ಲಿ ಇಟ್ಟುಕೊಂಡವನು ಹಕ್ಕು ಕೇಳಬಹುದು; ಸರ್ಕಾರದ ಜಮೀನಾದರೆ 30 ವರ್ಷ. ವಕಾಲತ್ತು ಹಾಕಬೇಕಿಲ್ಲ, ಹಾಜರಾತಿ ಮೆಮೊ ಸಾಕು. ಆದರೆ ರಾಜಿಯಾಗಲು, ಮೇಲ್ಮನವಿ ಬಿಡಲು, ಒಂದು ಅಂಶವನ್ನು ಒಪ್ಪಿಕೊಳ್ಳಲು ನನಗೆ ಅಧಿಕಾರವಿಲ್ಲ. ನಾನು ಅಭಿಪ್ರಾಯ ಬರೆಯಬಹುದು. ಅದು ಇಲಾಖೆಗೆ, ಅಲ್ಲಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ, ಕಾನೂನು ಇಲಾಖೆಗೆ ಹೋಗಿ ಅನುಮತಿಯಾಗಿ ಮರಳಬೇಕು.

ಹಳೆಯ ಕಕ್ಷಿದಾರರ ವಿಷಯದಲ್ಲಿ ಮಾತ್ರ ನಿಯಮ ಕಟ್ಟುನಿಟ್ಟು. ಫರ್ಮ್‌ನಲ್ಲಿದ್ದಾಗ ಗಾಳಿಯಂತ್ರದ ಕಂಪನಿಯೊಂದರ ಗುತ್ತಿಗೆ ಪತ್ರವನ್ನು ನೀವು ನೋಡಿದ್ದಿರಿ ಎನ್ನೋಣ. ನಾಳೆ ಚಿತ್ರದುರ್ಗದ ಗುಡ್ಡದ ಮೇಲಿನ ಅದೇ ಜಮೀನಿನ ಬಗ್ಗೆ ಸರ್ಕಾರದ ಪ್ರಕರಣ ಬಂದರೆ ಮುಟ್ಟುವಂತಿಲ್ಲ. ಬಾರ್ ಕೌನ್ಸಿಲ್‌ನ ನಿಯಮ 33 ಹಾಗೆ ಹೇಳುತ್ತದೆ. ಕಕ್ಷಿದಾರನ ಗುಟ್ಟು ಕಾಪಾಡುವ ಹೊಣೆ ಕೆಲಸ ಮುಗಿದ ಮೇಲೂ ಮುಗಿಯುವುದಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಅದು ಹಾಗೆಯೇ ಇದೆ. ಬರುವಾಗಲೇ ಹಳೆಯ ಕಕ್ಷಿದಾರರ ಪಟ್ಟಿಯೊಂದನ್ನು ನೆನಪಿನಿಂದ ಬರೆದಿಟ್ಟುಕೊಳ್ಳಿ.

ಅಭಿಯೋಜಕರಾಗಿ ಹೋಗುವವರಿಗೆ ಬೇರೊಂದು ಪಥ್ಯ. ಶಿಕ್ಷೆಯಾದರೆ ಗೆದ್ದೆ, ಬಿಡುಗಡೆಯಾದರೆ ಸೋತೆ ಎಂಬ ಫರ್ಮ್‌ನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೇಗಾದರೂ ಶಿಕ್ಷೆ ಕೊಡಿಸುವುದು ಅಭಿಯೋಜಕರ ಕೆಲಸವಲ್ಲ, ಆರೋಪಿಗೆ ಅನುಕೂಲವಾದ ಸಂಗತಿಯನ್ನೂ ಮುಚ್ಚಿಡಬಾರದು ಎಂದು 1999ರ ಶಿವಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಭಾಷೆ. ಆರು ವರ್ಷ ಇಂಗ್ಲಿಷಿನಲ್ಲಿ ಕರಡು ತಿದ್ದಿದ ನನಗೆ ಚಕ್ಕುಬಂದಿ ಬರೆಯಲು ಬರುತ್ತಿರಲಿಲ್ಲ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ. ಖರಾಬಿನಲ್ಲಿ 'ಅ' ಮತ್ತು 'ಬ' ಎಂದು ಎರಡಿವೆ, ಎರಡಕ್ಕೂ ಆಕಾಶ ಭೂಮಿಯ ವ್ಯತ್ಯಾಸವಿದೆ ಎಂದು ನನಗೆ ಕಲಿಸಿದವರು ನಿವೃತ್ತಿಯ ಅಂಚಿನಲ್ಲಿದ್ದ ಸರ್ವೇಯರ್. ಪಾಟೀ ಸವಾಲಿನಲ್ಲಿ ಸಾಕ್ಷಿ "ಅಂದಾಜಿಗೆ ಹೇಳಿದೆ" ಎಂದು ಬಿಟ್ಟರೆ ಆ ಒಂದು ಮಾತಿಗೆ ಎಷ್ಟು ಬೆಲೆಯೆಂದು ಕನ್ನಡದಲ್ಲಿ ಕೇಳಿಸಿಕೊಂಡರೇ ತಿಳಿಯುವುದು. ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲಿ ಆದ ಈ ಸಾಕ್ಷ್ಯವೆಲ್ಲ ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷಿಗೆ ಅನುವಾದವಾಗಬೇಕು. ಫರ್ಮ್‌ನಿಂದ ತಂದ ಒಂದೇ ಒಂದು ವಿದ್ಯೆ ಇಲ್ಲಿ ದಿನವೂ ಉಪಯೋಗಕ್ಕೆ ಬಂದಿದ್ದರೆ ಅದು ಅನುವಾದದಲ್ಲಿ ಒಂದು ಪದವನ್ನೂ ಜಾರಗೊಡದ ಹಟ.

ಹಣದ ವಿಷಯ ಚಿಕ್ಕದು. ಅವಧಿಯ ನೇಮಕದಲ್ಲಿ ಬರುವುದು ಫರ್ಮ್‌ನ ಸಂಪಾದನೆಯ ಒಂದು ಪಾಲು. ಶುಲ್ಕದ ಬಿಲ್ಲೂ ಒಂದು ಕಡತವೇ, ಅದಕ್ಕೂ ಚಲನೆ ಬೇಕು. ಸರ್ಕಾರದ ವಿರುದ್ಧ ವಕಾಲತ್ತು ಹಾಕುವಂತಿಲ್ಲ. ಉಳಿದ ಖಾಸಗಿ ಪ್ರಕರಣಗಳ ಬಗ್ಗೆ ನೇಮಕದ ಆದೇಶ ಏನು ಹೇಳುತ್ತದೆ ಎಂದು ಸಹಿ ಮಾಡುವ ಮುಂಚೆ ಓದಿ. ದಾವಣಗೆರೆಯ ಬಾಡಿಗೆ ಬೆಂಗಳೂರಿನದಲ್ಲ ಎಂಬ ಸಮಾಧಾನ ನಿಜವೇ, ಆದರೆ ಅದು ಕಂತು ಕಟ್ಟುವಷ್ಟು ದೊಡ್ಡ ಸಮಾಧಾನವಲ್ಲ.

ಮೊದಲ ವಾರದ ಆ ಕಡತಕ್ಕೆ ಮರಳುತ್ತೇನೆ. ಅಂದು ರಾತ್ರಿ ಕುಳಿತು ತೀರ್ಪು ಓದಿದೆ. ಪಕ್ಕದ ಜಮೀನಿಗೆ ಅದೇ ದರ ಹಿಂದೆಯೇ ಅಂತಿಮವಾಗಿತ್ತು, ನಮಗೆ ಹೇಳಲು ಏನೂ ಇರಲಿಲ್ಲ. 83ನೆಯ ದಿನ ಒಂದೂವರೆ ಪುಟದ ಅಭಿಪ್ರಾಯ ಕೊಟ್ಟೆ: ಮೇಲ್ಮನವಿಗೆ ಅರ್ಹ ಪ್ರಕರಣವಲ್ಲ, ಬಡ್ಡಿ ಬೆಳೆಯುವ ಮುನ್ನ ಹಣ ಠೇವಣಿ ಮಾಡಿ. ಸಂಬಂಧಪಟ್ಟ ಅಧಿಕಾರಿ ಅದನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು, "ಇಷ್ಟು ಖಡಾಖಂಡಿತವಾಗಿ ಬರೆಯಬೇಕಿತ್ತೇ?" ಎಂದರು. ಕಡತ ಮೇಲಕ್ಕೆ ಹೋಯಿತು. ಎರಡು ತಿಂಗಳ ಮೇಲೆ ಒಂದು ಪತ್ರ ಬಂತು. ನಿಗದಿತ ಅವಧಿಯಲ್ಲಿ ಮೇಲ್ಮನವಿ ಸಲ್ಲಿಸದಿರಲು ಕಾರಣವೇನು, ದಿನವಾರು ವಿವರ ನೀಡುವುದು.

ಹಾಳೆ ತೆಗೆದು ಗೆರೆ ಎಳೆದೆ. ಫರ್ಮ್‌ನ ಚಟ ಇನ್ನೂ ಬಿಟ್ಟಿರಲಿಲ್ಲ. ಆ ಎರಡು ದಿನದ ಟಿಪ್ಪಣಿ ಡೈರಿಯಲ್ಲಿತ್ತು. ಕಡತ ಕೈಸೇರಿದ್ದು ಸಂಜೆ 4.24ಕ್ಕೆ, ತೀರ್ಪು ಓದಿದ್ದು ಒಂದು ಗಂಟೆ ನಲವತ್ತೆಂಟು ನಿಮಿಷ, ಅಭಿಪ್ರಾಯ ಬರೆದದ್ದು ಎರಡು ಗಂಟೆ ಆರು ನಿಮಿಷ. ಅದನ್ನೆಲ್ಲ ಕೊನೆಯ ಎರಡು ಸಾಲಿನಲ್ಲಿ ತುಂಬಿದೆ. ಅದರ ಮೇಲಿನ 81 ದಿನಗಳನ್ನು ಒಂದೇ ಆವರಣಕ್ಕೆ ಸೇರಿಸಿ, ಎದುರಿಗೆ "ಚಲನೆಯಲ್ಲಿತ್ತು" ಎಂದು ಬರೆದು ಕಳುಹಿಸಿದೆ.